ಜಾಹೀರಾತಿನ ಜೊಳ್ಳು ಕ್ಲಿಕ್ಕುಗಳು: ಪತ್ತೆ ಮತ್ತು ಹತೋಟಿ

ಬೆಳೆದ ಫಸಲನ್ನು ಮಂಡಿಗೆ ಒಯ್ಯದೆ ನೇರವಾಗಿ ಗ್ರಾಹಕರ ಮನೆಗೆ ತಲುಪಿಸುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಹಬ್ಬುತ್ತಿದೆ. ಮಾವು, ಬೆಲ್ಲ, ಜೇನು, ಸಿರಿಧಾನ್ಯದ ಹಿಟ್ಟು, ಗಾಣದ ಎಣ್ಣೆ ಮುಂತಾದವನ್ನು ರೈತ ಉತ್ಪಾದಕ ಸಂಸ್ಥೆಗಳೂ ಕೆಲವು ಪ್ರಗತಿಪರ ರೈತರೂ ತಮ್ಮದೇ ಜಾಲತಾಣದ ಮೂಲಕ ಮಾರುತ್ತಿದ್ದಾರೆ. ಗ್ರಾಹಕರನ್ನು ಅಲ್ಲಿಗೆ ಕರೆತರಲು ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಣ ಕೊಟ್ಟು ಜಾಹೀರಾತು ಹಾಕಬೇಕಾಗುತ್ತದೆ. ಹೀಗೆ ಖರ್ಚಾಗುವ ಹಣದಲ್ಲಿ ಒಂದು ಭಾಗ ಗ್ರಾಹಕರನ್ನು ತಲುಪದೆ, ಮನುಷ್ಯರೇ ಅಲ್ಲದ ಭೇಟಿಗಾರರ ಪಾಲಾಗುತ್ತದೆ. ರಾಶಿಯಲ್ಲಿ ಜೊಳ್ಳು ಬೆರೆತಿದ್ದರೆ ಚೀಲದ ಎಣಿಕೆ ಹೆಚ್ಚಿದಂತೆ ಕಂಡರೂ ತೂಕ ಬರುವುದಿಲ್ಲ. ಜಾಹೀರಾತಿನ ಲೆಕ್ಕದಲ್ಲಿಯೂ ಇದೇ ಆಗುತ್ತದೆ. ಈ ಜೊಳ್ಳನ್ನು ಗುರುತಿಸುವ ಬಗೆಯನ್ನೂ ಹತೋಟಿಯ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಬಾಟ್ ಎಂದರೇನು?

ಜಾಹೀರಾತನ್ನು ಬೆರಳಿನಿಂದ ಒತ್ತಿ ಒಳಗೆ ಬರುವುದಕ್ಕೆ ಕ್ಲಿಕ್ಕು ಎಂದು ಹೆಸರು. ಹೆಚ್ಚಿನ ಜಾಹೀರಾತುಗಳಿಗೆ ಒಂದು ಕ್ಲಿಕ್ಕಿಗೆ ಇಷ್ಟು ಎಂದೋ, ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ಎಂದೋ ಹಣ ಕೊಡಬೇಕು. ಮನುಷ್ಯನಂತೆ ಪುಟ ತೆರೆಯುವ, ಒತ್ತುವ, ಅರ್ಜಿ ತುಂಬುವ ಕೆಲಸವನ್ನು ತಾನಾಗಿಯೇ ಮಾಡುವ ಕಂಪ್ಯೂಟರ್ ಕಾರ್ಯಕ್ರಮಕ್ಕೆ ಬಾಟ್ ಎನ್ನುತ್ತಾರೆ.

ಎಲ್ಲ ಬಾಟ್‌ಗಳೂ ಹಾನಿಕರವಲ್ಲ. ಹೊಲದಲ್ಲಿ ಎರೆಹುಳುವೂ ಇದೆ, ಗೊಣ್ಣೆಹುಳುವೂ ಇದೆ. ಗೂಗಲ್‌ನಂತಹ ಹುಡುಕು ಸಂಸ್ಥೆಗಳ ಬಾಟ್‌ಗಳು ಜಾಲತಾಣಗಳನ್ನು ಓದಿಕೊಂಡು ಹೋಗುವುದರಿಂದಲೇ ಹುಡುಕಿದವರಿಗೆ ನಮ್ಮ ಪುಟ ಸಿಗುತ್ತದೆ. ಜಾಹೀರಾತು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಜಾಹೀರಾತು ಸಂಸ್ಥೆಗಳ ಸ್ವಂತ ಬಾಟ್‌ಗಳೂ ಬಂದು ಹೋಗುತ್ತವೆ. ಇವುಗಳಿಗೆ ಹಣ ಹಿಡಿಯುವುದಿಲ್ಲ. ಚಿಂತೆ ಮಾಡಬೇಕಾದುದು ಹಣ ಹಿಡಿದ ಜಾಹೀರಾತನ್ನು ಒತ್ತುವ ಬಾಟ್‌ಗಳ ಬಗ್ಗೆ ಮಾತ್ರ.

ಅವು ಒತ್ತುವುದೇಕೆ? ಜಾಹೀರಾತು ನಮ್ಮ ಕಣ್ಣಿಗೆ ಗೂಗಲ್‌ನದಾಗಿ ಕಂಡರೂ ಅದು ಗೂಗಲ್‌ನ ಪುಟದಲ್ಲೇ ಬರಬೇಕೆಂದಿಲ್ಲ. ಆಟದ ಆ್ಯಪ್, ಸುದ್ದಿ ತಾಣ, ಟಾರ್ಚ್ ಆ್ಯಪ್ ಹೀಗೆ ಲಕ್ಷಾಂತರ ಕಡೆ ಅದು ತೋರುತ್ತದೆ. ಅಲ್ಲಿ ಒತ್ತಿದ ಪ್ರತಿ ಕ್ಲಿಕ್ಕಿನ ಹಣದಲ್ಲಿ ಆ ತಾಣದ ಮಾಲೀಕನಿಗೆ ಪಾಲುಂಟು. ಓದುಗರೇ ಇಲ್ಲದ ಒಂದು ತಾಣವನ್ನು ತೆರೆದು, ಬಾಟ್‌ಗಳಿಂದ ಒತ್ತಿಸಿ ಪಾಲು ಪಡೆಯುವುದು ಕೆಲವರಿಗೆ ಕಸುಬಾಗಿದೆ. ಎದುರಾಳಿ ವ್ಯಾಪಾರಿ ನಮ್ಮ ದಿನದ ಹಣವನ್ನು ಬೆಳಗಾಗುವಷ್ಟರಲ್ಲಿ ಮುಗಿಸಲು ಒತ್ತಿಸುವುದೂ ಇದೆಯಾದರೂ ರೈತರು ಅನುಮಾನಿಸುವಷ್ಟು ಅದು ಸಾಮಾನ್ಯವಲ್ಲ. ಪಕ್ಕದ ಊರಿನ ಮಾವಿನ ವ್ಯಾಪಾರಿಯ ಮೇಲೆ ಸಂಶಯ ಪಡುವ ಮುನ್ನ ಜಾಹೀರಾತು ಎಲ್ಲೆಲ್ಲಿ ತೋರಿದೆ ಎಂಬ ಪಟ್ಟಿಯನ್ನು ನೋಡುವುದು ಲೇಸು.

ಎರಡು ದೊಡ್ಡ ಪ್ರಕರಣಗಳು

ಈ ಹಾವಳಿಯ ಪ್ರಮಾಣ ತಿಳಿಯಲು ಅಮೆರಿಕದಲ್ಲಿ ಬಯಲಾದ ಎರಡು ಪ್ರಕರಣಗಳನ್ನು ನೋಡಬಹುದು. ಮೊದಲನೆಯದಕ್ಕೆ ಮೆಥ್‌ಬಾಟ್ ಎಂದು ಹೆಸರು. ವೈಟ್ ಆಪ್ಸ್ ಎಂಬ ಸಂಸ್ಥೆ ಇದನ್ನು 2016ರ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಿತು. ವಂಚಕರು ಬಾಡಿಗೆಗೆ ಹಿಡಿದ ದೊಡ್ಡ ಕಂಪ್ಯೂಟರ್‌ಗಳಲ್ಲಿ ಹೆಸರಾಂತ ತಾಣಗಳ ಸೋಗು ಹಾಕಿದ ಖಾಲಿ ಪುಟಗಳನ್ನು ತೆರೆದು, ಅಲ್ಲಿ ವಿಡಿಯೋ ಜಾಹೀರಾತುಗಳನ್ನು ಬಾಟ್‌ಗಳಿಂದಲೇ ‘ನೋಡಿಸಿ’ ಹಣ ಪಡೆದರು. ಬಾಟ್‌ಗಳು ಮೌಸ್ ಅಲ್ಲಾಡಿಸುವಂತೆ, ವಿಡಿಯೋವನ್ನು ನಡುವೆ ನಿಲ್ಲಿಸುವಂತೆ ನಟಿಸುತ್ತಿದ್ದವು. ಲಕ್ಷಾಂತರ ಇಂಟರ್ನೆಟ್ ವಿಳಾಸಗಳನ್ನು ಪಡೆದು, ಅವು ಅಮೆರಿಕದ ಮನೆಮನೆಗಳ ವಿಳಾಸಗಳೆಂದು ಸುಳ್ಳು ನೋಂದಣಿ ಮಾಡಿಸಲಾಗಿತ್ತು. ಇದರ ಮುಖ್ಯ ಆರೋಪಿ ಅಲೆಕ್ಸಾಂಡರ್ ಝುಕೋವ್ 2018ರಲ್ಲಿ ಬಲ್ಗೇರಿಯಾದಲ್ಲಿ ಸೆರೆಯಾಗಿ, 2021ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ನ್ಯಾಯಾಲಯದಿಂದ 10 ವರ್ಷಗಳ ಶಿಕ್ಷೆ ಪಡೆದನು. ಜಾಹೀರಾತುದಾರರು ಕಳೆದುಕೊಂಡ ಹಣ 70 ಲಕ್ಷ ಡಾಲರಿಗೂ ಹೆಚ್ಚು ಎಂದು ಮೊಕದ್ದಮೆಯಲ್ಲಿ ಲೆಕ್ಕ ಹಾಕಲಾಯಿತು.

ಎರಡನೆಯದು ಈವ್ ಎಂಬ ಜಾಲ. 2018ರ ನವೆಂಬರ್‌ನಲ್ಲಿ ಬಯಲಾದ ಈ ಪ್ರಕರಣದಲ್ಲಿ ಸುಮಾರು 17 ಲಕ್ಷ ಕಂಪ್ಯೂಟರ್‌ಗಳಿಗೆ ಮಾಲೀಕರ ಅರಿವಿಲ್ಲದಂತೆ ಕೆಟ್ಟ ಕಾರ್ಯಕ್ರಮಗಳು ಹೊಕ್ಕಿದ್ದವು. ಮನೆಯವರು ತಮ್ಮ ಕೆಲಸದಲ್ಲಿರುವಾಗಲೇ ಕಣ್ಣಿಗೆ ಕಾಣದಂತೆ ಆ ಕಂಪ್ಯೂಟರ್ ಜಾಹೀರಾತು ತೆರೆಯುತ್ತಿತ್ತು. ನಷ್ಟ 2 ಕೋಟಿ 90 ಲಕ್ಷ ಡಾಲರಿಗೂ ಹೆಚ್ಚು. ಇದರಿಂದ ತಿಳಿಯತಕ್ಕ ಮುಖ್ಯ ಅಂಶವೆಂದರೆ, ಭೇಟಿ ನಿಜವಾದ ಮನೆಯ ವಿಳಾಸದಿಂದ ಬಂದ ಮಾತ್ರಕ್ಕೆ ಬಂದವನು ಮನುಷ್ಯ ಎನ್ನಲಾಗದು. ಸಿಕ್ಕಸಿಕ್ಕ ಕಡೆಯಿಂದ ಆ್ಯಪ್ ಇಳಿಸಿಕೊಂಡ ರೈತನ ಸ್ವಂತ ಫೋನೇ ಇಂತಹ ಕೂಲಿಗೆ ಬಳಕೆಯಾಗುತ್ತಿರಬಹುದು. ಡೇಟಾ ಬೇಗ ಮುಗಿಯುವುದು, ಬಳಸದಿದ್ದರೂ ಫೋನು ಬಿಸಿಯಾಗುವುದು ಕಂಡುಬಂದರೆ ಪರಿಚಯವಿಲ್ಲದ ಆ್ಯಪ್‌ಗಳನ್ನು ತೆಗೆದುಹಾಕುವುದು ಒಳ್ಳೆಯದು.

ನಷ್ಟದ ಲೆಕ್ಕ

ಮಾವಿನ ಹಂಗಾಮಿನಲ್ಲಿ ಒಂದು ರೈತ ಸಂಸ್ಥೆ 30,000 ರೂ. ಜಾಹೀರಾತಿಗೆ ಖರ್ಚು ಮಾಡಿದೆ, ಕ್ಲಿಕ್ಕಿಗೆ 6 ರೂ.ನಂತೆ 5,000 ಕ್ಲಿಕ್ಕುಗಳು ಬಂದಿವೆ ಎಂದು ಭಾವಿಸೋಣ. ಒಟ್ಟು 123 ಬೇಡಿಕೆಗಳು ಬಂದವು. ಅಂದರೆ ಒಂದು ಬೇಡಿಕೆಗೆ ತಗಲಿದ ಜಾಹೀರಾತು ಖರ್ಚು ಸುಮಾರು 244 ರೂ. ಒಂದು ಪೆಟ್ಟಿಗೆಯಲ್ಲಿ ಸಂಸ್ಥೆಗೆ ಉಳಿಯುವುದು 180 ರೂ. ಆದರೆ ಪ್ರತಿ ಪೆಟ್ಟಿಗೆಗೂ 64 ರೂ. ನಷ್ಟ. ಸಭೆಯಲ್ಲಿ ಈ ಲೆಕ್ಕ ಮಂಡಿಸಿದರೆ ‘ಈ ಜಾಹೀರಾತಿನ ಗೊಡವೆಯೇ ಬೇಡ, ಮಂಡಿಗೇ ಹಾಕೋಣ’ ಎಂಬ ತೀರ್ಮಾನವಾಗುವುದು ಸಹಜ.

ಈಗ ಅದೇ ಲೆಕ್ಕವನ್ನು ಒಡೆದು ನೋಡಬೇಕು. ಮಾವಿನ ಹಣ್ಣು ಎಂದು ಹುಡುಕಿದವರಿಂದ ಬಂದ ಕ್ಲಿಕ್ಕು 2,000, ಅವುಗಳಿಂದ ಬಂದ ಬೇಡಿಕೆ 120. ಆಟದ ಆ್ಯಪ್‌ಗಳಿಂದ ಬಂದ ಕ್ಲಿಕ್ಕು 3,000, ಬೇಡಿಕೆ 3. ಮೊದಲನೆಯದರಲ್ಲಿ ಒಂದು ಬೇಡಿಕೆಗೆ 100 ರೂ. ಖರ್ಚು, ಪೆಟ್ಟಿಗೆಗೆ 80 ರೂ. ಲಾಭ. ಎರಡನೆಯದರಲ್ಲಿ ಒಂದು ಬೇಡಿಕೆಗೆ 6,000 ರೂ.! ಲಾಭದ ತಾಕನ್ನೂ ನಷ್ಟದ ತಾಕನ್ನೂ ಕೂಡಿಸಿ ಸರಾಸರಿ ತೆಗೆದುದರಿಂದ ಒಳ್ಳೆಯ ಮಾರುಕಟ್ಟೆಯೊಂದು ಕೈತಪ್ಪುವ ಸ್ಥಿತಿ ಬಂದಿತು. ಜೊಳ್ಳು ಕ್ಲಿಕ್ಕಿನಿಂದ ಹೋಗುವ ಹಣಕ್ಕಿಂತ ಅದು ಮಾಡಿಸುವ ತಪ್ಪು ತೀರ್ಮಾನ ಹೆಚ್ಚು ದುಬಾರಿ.

ಆ 3,000 ಕ್ಲಿಕ್ಕುಗಳೆಲ್ಲ ಬಾಟ್‌ಗಳವೇ ಎಂದು ಹೇಳಲು ಬರುವುದಿಲ್ಲ. ಆಟವಾಡುವ ಮಗುವಿನ ಬೆರಳು ತಗಲಿಯೂ ಕ್ಲಿಕ್ಕಾಗುತ್ತದೆ. ಆದರೆ ಬಾಟೇ ಆಗಲಿ, ಮಗುವೇ ಆಗಲಿ ಹಣ್ಣು ಕೊಳ್ಳುವುದಿಲ್ಲ. ಹಣ ನಿಲ್ಲಿಸಲು ಕೀಟದ ಜಾತಿ ಗುರುತಿಸುವವರೆಗೆ ಕಾಯಬೇಕಾಗಿಲ್ಲ. ಹಣ ವಾಪಸ್ಸು ಕೇಳುವಾಗ ಮಾತ್ರ ಪುರಾವೆ ಬೇಕು.

ಬಾಧೆಯ ಲಕ್ಷಣಗಳು

ವಾರಕ್ಕೊಮ್ಮೆ ಹೊಲ ಸುತ್ತಿ ಎಲೆಯ ಅಡಿ ನೋಡುವಂತೆ ಜಾಹೀರಾತಿನ ವರದಿಯನ್ನೂ ನೋಡುವ ರೂಢಿ ಇರಬೇಕು. ಜಾಲತಾಣಕ್ಕೆ ಗೂಗಲ್ ಅನಲಿಟಿಕ್ಸ್‌ನಂತಹ ಲೆಕ್ಕದ ಸಾಧನವನ್ನು ಮೊದಲೇ ಜೋಡಿಸಿರಬೇಕು. ಪರಿಚಿತ ಬಾಟ್‌ಗಳನ್ನು ಈ ಸಾಧನ ತಾನೇ ಬಿಟ್ಟು ಎಣಿಸುತ್ತದೆ. ಸೋಗು ಹಾಕಿದವು ಉಳಿಯುತ್ತವೆ.

ಕ್ಲಿಕ್ಕು ಒಮ್ಮೆಲೇ ಏರಿ ಬೇಡಿಕೆ ಇದ್ದಲ್ಲೇ ಇರುವುದು ಮೊದಲ ಲಕ್ಷಣ. ಹಬ್ಬ, ಸಂಬಳದ ದಿನ, ಪತ್ರಿಕೆಯಲ್ಲಿ ಸುದ್ದಿ ಇಂತಹ ಕಾರಣವಿಲ್ಲದೆ ಒಂದೇ ರಾತ್ರಿಯಲ್ಲಿ ಕ್ಲಿಕ್ಕು ಐದು ಪಟ್ಟಾದರೆ ಅನುಮಾನಿಸಬೇಕು. ಎರಡನೆಯದಾಗಿ, ಬಂದವರು ಎಷ್ಟು ಹೊತ್ತು ನಿಂತರು ಎಂಬುದು. ಅನಲಿಟಿಕ್ಸ್ ಸಾಧನ 10 ಸೆಕೆಂಡಿಗಿಂತ ಹೆಚ್ಚು ನಿಂತ, ಅಥವಾ ಎರಡು ಪುಟ ನೋಡಿದ, ಅಥವಾ ನಾವು ಮುಖ್ಯವೆಂದು ಗುರುತಿಸಿದ ಕೆಲಸ ಮಾಡಿದ ಭೇಟಿಯನ್ನು ಆಸಕ್ತ ಭೇಟಿ ಎಂದು ಎಣಿಸುತ್ತದೆ. ಒಂದು ಮೂಲದಿಂದ ನೂರು ಮಂದಿ ಬಂದು ನೂರಕ್ಕೆ ತೊಂಬತ್ತೈದು ಮಂದಿ ಒಂದು ಸೆಕೆಂಡೂ ನಿಲ್ಲದಿದ್ದರೆ ಆ ಮೂಲ ಸರಿಯಿಲ್ಲ. ಆದರೂ ಇಲ್ಲಿ ಎಚ್ಚರ ಬೇಕು. ಪುಟದಲ್ಲಿ ದೊಡ್ಡ ದೊಡ್ಡ ಫೋಟೋಗಳನ್ನು ತುಂಬಿದ್ದರೆ ಅದು ತೆರೆಯುವಷ್ಟರಲ್ಲಿ ನಿಜವಾದ ಗ್ರಾಹಕನೂ ಬೇಸತ್ತು ಹೊರಟುಹೋಗುತ್ತಾನೆ. ಅನೇಕ ಸಲ ಬಾಟ್ ಎಂದು ದೂರಿದ್ದು ನಮ್ಮದೇ ಪುಟದ ಭಾರವಾಗಿರುತ್ತದೆ. ಪೋಷಕಾಂಶದ ಕೊರತೆಯನ್ನು ರೋಗವೆಂದು ಭ್ರಮಿಸಿ ಔಷಧಿ ಸಿಂಪಡಿಸಿದಂತೆ ಆಗಬಾರದು. ಪುಟವನ್ನು ಹಳ್ಳಿಯ ಸಾಧಾರಣ ಫೋನಿನಲ್ಲಿ ತೆರೆದು ನೋಡಿಯೇ ಮುಂದುವರಿಯಬೇಕು.

ಮೂರನೆಯದು ಊರಿನ ಹೆಸರು. ಬೆಂಗಳೂರಿಗೆ ಮಾತ್ರ ಹಣ್ಣು ಕಳುಹಿಸುವವರ ವರದಿಯಲ್ಲಿ ಆಶ್‌ಬರ್ನ್ ಎಂಬ ಹೆಸರು ಮೇಲೆ ಬಂದು ಕುಳಿತಿರುವುದುಂಟು. ಇದು ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಊರು. ಪ್ರಪಂಚದಲ್ಲೇ ಅತಿ ಹೆಚ್ಚು ಬಾಡಿಗೆ ಕಂಪ್ಯೂಟರ್ ಕೇಂದ್ರಗಳು ಒತ್ತಾಗಿರುವ ಜಾಗಗಳಲ್ಲಿ ಇದೂ ಒಂದು. ಅಲ್ಲಿಂದ ಬರುವ ಭೇಟಿಗಳ ಹಿಂದೆ ಬಹುಮಟ್ಟಿಗೆ ಯಂತ್ರಗಳೇ ಇರುತ್ತವೆ. ಇವುಗಳಲ್ಲಿ ಹಣ ಹಿಡಿದ ಕ್ಲಿಕ್ಕುಗಳೆಷ್ಟು, ಸುಮ್ಮನೆ ಬಂದು ಓದಿಹೋದವೆಷ್ಟು ಎಂಬುದನ್ನು ಜಾಹೀರಾತಿನ ವರದಿಯೊಂದಿಗೆ ತಾಳೆ ನೋಡಬೇಕು. ಹಣ ಹಿಡಿಯದಿದ್ದರೆ ಅದರ ತಂಟೆಗೆ ಹೋಗಬೇಕಾಗಿಲ್ಲ.

ಸಮಯದ ಅಂತರವೂ ಒಂದು ಸುಳಿವು. ಮನುಷ್ಯರ ಭೇಟಿಗಳು ಕೈಯಿಂದ ಎರಚಿದ ಬೀಜದಂತೆ ಒಂದು ಕಡೆ ಒತ್ತು, ಒಂದು ಕಡೆ ತೆಳು. ಬೆಳಗಿನ ಜಾವ ಎರಡು ಗಂಟೆಯಿಂದ ನಾಲ್ಕರವರೆಗೆ ಕೂರಿಗೆಯಲ್ಲಿ ಬಿತ್ತಿದಂತೆ ಮೂವತ್ತು ಸೆಕೆಂಡಿಗೊಂದರಂತೆ ಭೇಟಿಗಳು ಬಂದಿದ್ದರೆ ಬಿತ್ತಿದ್ದು ಯಂತ್ರವೇ. ಎಲ್ಲ ಭೇಟಿಗಳಲ್ಲಿಯೂ ಒಂದೇ ಮಾದರಿಯ ಫೋನು, ಒಂದೇ ಅಳತೆಯ ಪರದೆ ಇದ್ದರೂ ಹಾಗೆಯೇ. ಮೆಥ್‌ಬಾಟ್‌ನಂತಹ ಜಾಣ ಬಾಟ್‌ಗಳು ಈ ಲಕ್ಷಣಗಳನ್ನು ಮರೆಮಾಚುತ್ತವೆ. ಆದುದರಿಂದ ಒಂದೇ ಲಕ್ಷಣದಿಂದ ನಿರ್ಣಯಿಸದೆ ಎರಡು ಮೂರು ಸೇರಿದಾಗ ಮಾತ್ರ ಕ್ರಮ ಕೈಗೊಳ್ಳಬೇಕು.

ಬೇಡಿಕೆ ಅರ್ಜಿಗಳಲ್ಲಿ ಪತ್ತೆ ಇನ್ನೂ ಸುಲಭ. ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು, ಹತ್ತಂಕಿಯಿಲ್ಲದ ಫೋನ್ ಸಂಖ್ಯೆ, ಪಿನ್‌ಕೋಡಿಗೂ ಊರಿಗೂ ಹೊಂದಿಕೆಯಿಲ್ಲದಿರುವುದು ಕಣ್ಣಿಗೇ ಕಾಣುತ್ತವೆ. ಬಂದ ಅರ್ಜಿಗಳಲ್ಲಿ ಹತ್ತಕ್ಕೆ ಫೋನು ಮಾಡಿ, ಎಷ್ಟು ಮಂದಿ ಮಾತನಾಡಿದರು ಎಂದು ಬರೆದಿಡಬೇಕು. ಬಿತ್ತನೆಗೆ ಮುನ್ನ ಒದ್ದೆ ಗೋಣಿಯಲ್ಲಿ ನೂರು ಬೀಜ ಕಟ್ಟಿ ಮೊಳಕೆ ಎಣಿಸುವುದು ರೈತರಿಗೆ ಹೊಸದೇನಲ್ಲ.

ಹತೋಟಿ ಕ್ರಮಗಳು

ಮೊದಲು ಮಾಡಬೇಕಾದುದು ಬೇಲಿಯ ಕೆಲಸ. ಗೂಗಲ್‌ನಲ್ಲಿ ಹುಡುಕುವವರಿಗಾಗಿ ಜಾಹೀರಾತು ಹಾಕುವಾಗ ‘ಸರ್ಚ್ ಪಾರ್ಟ್‌ನರ್ಸ್’, ‘ಡಿಸ್‌ಪ್ಲೇ ನೆಟ್‌ವರ್ಕ್’ ಎಂಬ ಎರಡು ಆಯ್ಕೆಗಳಿಗೆ ಸಾಮಾನ್ಯವಾಗಿ ಗುರುತು ಮೊದಲೇ ಬಿದ್ದಿರುತ್ತದೆ. ಸಣ್ಣ ಪ್ರಮಾಣದಲ್ಲಿ ಖರ್ಚು ಮಾಡುವವರು ಈ ಗುರುತುಗಳನ್ನು ತೆಗೆದು ಆರಂಭಿಸುವುದು ಉತ್ತಮ. ಜಾಗದ ಆಯ್ಕೆಯಲ್ಲಿಯೂ ಒಂದು ಮರೆತ ಗಿಂಡಿಯಿದೆ. ಬೆಂಗಳೂರು ಎಂದು ಆರಿಸಿದರೂ ‘ಬೆಂಗಳೂರಿನಲ್ಲಿ ಇರುವವರು ಅಥವಾ ಅದರಲ್ಲಿ ಆಸಕ್ತಿ ತೋರಿದವರು’ ಎಂದೇ ಅದು ಹಿಡಿದಿರುತ್ತದೆ. ಆಸಕ್ತಿ ತೋರಿದವರು ಪ್ರಪಂಚದ ಯಾವ ಮೂಲೆಯಲ್ಲಾದರೂ ಇರಬಹುದು. ‘ಇರುವವರು’ ಎಂಬುದನ್ನು ಮಾತ್ರ ಉಳಿಸಿಕೊಳ್ಳಬೇಕು. ಫೇಸ್‌ಬುಕ್ ಜಾಹೀರಾತಿನಲ್ಲಿ ಹೊರಗಿನ ಆ್ಯಪ್‌ಗಳಲ್ಲಿ ತೋರಿಸುವ ‘ಆಡಿಯನ್ಸ್ ನೆಟ್‌ವರ್ಕ್’ ಎಂಬುದನ್ನೂ ಹೀಗೆಯೇ ಪರಿಶೀಲಿಸಬಹುದು.

ಜಾಹೀರಾತು ತೋರಿದ ತಾಣ ಮತ್ತು ಆ್ಯಪ್‌ಗಳ ಪಟ್ಟಿ ವರದಿಯಲ್ಲಿ ದೊರೆಯುತ್ತದೆ. ಕ್ಲಿಕ್ಕು ಹೆಚ್ಚಿದ್ದು ಬೇಡಿಕೆ ಇಲ್ಲದವನ್ನು ವಾರಕ್ಕೊಮ್ಮೆ ಕಳೆಯಂತೆ ಕಿತ್ತುಹಾಕುತ್ತ ಹೋದರೆ ಹಂಗಾಮಿನ ನಡುವಿನ ಹೊತ್ತಿಗೆ ತಾಕು ಬಹುಪಾಲು ಶುದ್ಧವಾಗುತ್ತದೆ.

ಕೆಲವರು ಇದನ್ನು ಬಿಟ್ಟು ಅನುಮಾನಾಸ್ಪದ ಐಪಿ ವಿಳಾಸಗಳನ್ನು ತಡೆಹಿಡಿಯುವುದರಲ್ಲೇ ತೊಡಗುತ್ತಾರೆ. ಐಪಿ ವಿಳಾಸವೆಂದರೆ ಇಂಟರ್ನೆಟ್ಟಿನಲ್ಲಿ ಸಂಪರ್ಕದ ಗುರುತಿನ ಸಂಖ್ಯೆ. ಗೂಗಲ್‌ನಲ್ಲಿ ಒಂದು ಜಾಹೀರಾತು ಪ್ರಚಾರಕ್ಕೆ ಇಂತಹ 500 ವಿಳಾಸಗಳನ್ನು ತಡೆಯಬಹುದು. ಲಕ್ಷಗಟ್ಟಲೆ ವಿಳಾಸವುಳ್ಳ ವಂಚಕರ ಮುಂದೆ 500 ಯಾವ ಲೆಕ್ಕ? ಅದಕ್ಕಿಂತ ಮುಖ್ಯವಾಗಿ, ನಮ್ಮ ದೇಶದ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲದಲ್ಲಿ ಅನೇಕ ಗ್ರಾಹಕರಿಗೆ ಹಂಚಿರುತ್ತವೆ. ಒಂದು ಬಾಟ್ ಬಂದಿತೆಂದು ಆ ವಿಳಾಸವನ್ನು ಮುಚ್ಚಿದರೆ ಅದರ ಹಿಂದಿರುವ ನಿಜವಾದ ಕೊಳ್ಳುವವರೂ ಹೊರಗುಳಿಯುತ್ತಾರೆ. ಹೇನಿಗೆಂದು ಸಿಂಪಡಿಸಿ ಗುಲಗಂಜಿ ಹುಳುವನ್ನೂ ಜೇನನ್ನೂ ಕೊಂದುಕೊಂಡ ಹಾಗೆ. ಬಾಡಿಗೆ ಕಂಪ್ಯೂಟರ್ ಕೇಂದ್ರದ ವಿಳಾಸವೆಂದು ಖಚಿತವಾದಾಗ ಮಾತ್ರ ಈ ಕ್ರಮ ಸೂಕ್ತ. ಇಂತಹ ತಡೆಗೆಂದೇ ತಿಂಗಳ ಬಾಡಿಗೆಗೆ ಸಿಗುವ ಸೇವೆಗಳಿವೆ. ಜೊಳ್ಳಿನಿಂದ ತಿಂಗಳಿಗೆ ಆಗುವ ನಷ್ಟ ಆ ಬಾಡಿಗೆಗಿಂತ ಹೆಚ್ಚಾದರೆ ಮಾತ್ರ ಅವನ್ನು ಕೊಳ್ಳಬೇಕು. ಆರ್ಥಿಕ ನಷ್ಟದ ರೇಖೆ ದಾಟದೆ ಔಷಧಿ ಹೊಡೆಯುವುದು ಬೆಳೆಯಲ್ಲಾಗಲಿ ಜಾಹೀರಾತಿನಲ್ಲಾಗಲಿ ದುಂದುವೆಚ್ಚ.

ಅರ್ಜಿ ತುಂಬುವ ಬಾಟ್‌ಗಳಿಗೆ ಬಲೆ ಒಡ್ಡುವುದು ಅಗ್ಗದ ಉಪಾಯ. ಟೊಮ್ಯಾಟೊದ 16 ಸಾಲಿಗೆ ಒಂದು ಸಾಲು ಚೆಂಡು ಹೂವು ಹಾಕಿ ಕಾಯಿಕೊರಕವನ್ನು ಅತ್ತ ಸೆಳೆಯುವ ಪದ್ಧತಿ ರೈತರಿಗೆ ಗೊತ್ತೇ ಇದೆ. ಅದೇ ರೀತಿ ಅರ್ಜಿಯಲ್ಲಿ ಮನುಷ್ಯರ ಕಣ್ಣಿಗೆ ಕಾಣದಂತೆ ಒಂದು ಖಾಲಿ ಜಾಗವನ್ನು ಇಡಲಾಗುತ್ತದೆ. ಮನುಷ್ಯ ಅದನ್ನು ನೋಡುವುದೇ ಇಲ್ಲ, ಖಾಲಿ ಬಿಡುತ್ತಾನೆ. ಬಾಟ್ ಪುಟವನ್ನು ಕಣ್ಣಿನಿಂದ ನೋಡದೆ ಅದರ ಬರಹವನ್ನು ಓದುವುದರಿಂದ ಆ ಜಾಗವನ್ನೂ ತುಂಬುತ್ತದೆ. ತುಂಬಿದ ಅರ್ಜಿಗಳನ್ನು ಬೇರ್ಪಡಿಸಿದರಾಯಿತು. ಜಾಲತಾಣ ಮಾಡಿಕೊಡುವವರಿಗೆ ಇದು ಅರ್ಧ ಗಂಟೆಯ ಕೆಲಸ. ಪುಟ ತೆರೆದ ಎರಡು ಸೆಕೆಂಡಿನಲ್ಲೇ ತುಂಬಿ ಬಂದ ಅರ್ಜಿಯನ್ನೂ ಹೀಗೆಯೇ ಬೇರೆ ಇಡಬಹುದು. ಹಣ ತಲುಪಿದಾಗ ಕೊಡುವ ಬೇಡಿಕೆಗಳಿಗೆ ಫೋನಿಗೆ ಬರುವ ಒಟಿಪಿ ಸಂಖ್ಯೆಯನ್ನು ಕೇಳುವುದು ಅವಶ್ಯ. ವಕ್ರ ಅಕ್ಷರ ಓದಿಸುವ, ಚಿತ್ರ ಆರಿಸುವ ಪರೀಕ್ಷೆಗಳಿಂದ ವಯಸ್ಸಾದ ಗ್ರಾಹಕರು ಬೇಸರಪಟ್ಟು ಹಿಂದಿರುಗುವುದೇ ಹೆಚ್ಚು. ಅವನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು.

ಸುಳ್ಳು ಅರ್ಜಿಯ ಹಾನಿ ಒಂದು ಫೋನ್ ಕರೆಗೆ ಮುಗಿಯುವುದಿಲ್ಲ. ಈಗಿನ ಜಾಹೀರಾತು ವ್ಯವಸ್ಥೆಗಳು ಯಾರು ಅರ್ಜಿ ತುಂಬಿದರೋ ಅಂತಹವರನ್ನೇ ಮತ್ತೆ ಹುಡುಕಿ ತರಲು ಕಲಿಯುತ್ತವೆ. ಬಾಟ್ ತುಂಬಿದ ಅರ್ಜಿಯನ್ನು ಯಶಸ್ಸೆಂದು ಎಣಿಸಿದರೆ ವ್ಯವಸ್ಥೆ ನಮ್ಮ ಹಣದಲ್ಲೇ ಇನ್ನಷ್ಟು ಬಾಟ್‌ಗಳನ್ನು ಕರೆತರುತ್ತದೆ. ಮುಂದಿನ ವರ್ಷದ ಬಿತ್ತನೆಗೆ ಜೊಳ್ಳನ್ನೇ ಬೀಜವಾಗಿ ಆರಿಸಿಟ್ಟಂತಾಯಿತು. ಆದುದರಿಂದ ಕ್ಲಿಕ್ಕನ್ನಾಗಲಿ, ಅರ್ಜಿಯನ್ನಾಗಲಿ ಯಶಸ್ಸಿನ ಗುರುತಾಗಿ ಕೊಡದೆ, ಹಣ ಸಂದಾಯವಾದ ಬೇಡಿಕೆಯನ್ನು ಮಾತ್ರ ಗುರುತಾಗಿ ಕೊಡಬೇಕು. ಈ ಒಂದು ಕ್ರಮವನ್ನು ಸರಿಯಾಗಿ ಪಾಲಿಸಿದರೆ ಉಳಿದವುಗಳ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಅನುಮಾನ ಉಳಿದರೆ ಹೋಲಿಕೆಯ ತಾಕು ಮಾಡಿ ನೋಡಬಹುದು. ಒಂದು ಬಗೆಯ ಜಾಹೀರಾತನ್ನು ಒಂದು ವಾರ ನಿಲ್ಲಿಸಿ, ಬೇಡಿಕೆ ಕುಗ್ಗುವುದೇ ಎಂದು ಗಮನಿಸುವುದೇ ಈ ಪ್ರಯೋಗ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಸಾಬೂನು ತಯಾರಿಕೆಯ ದೊಡ್ಡ ಕಂಪನಿ 2017ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಬಾಟ್‌ಗಳ ಪಾಲಾಗುತ್ತಿದ್ದುದೂ ಸೇರಿದಂತೆ ಪ್ರಯೋಜನವಿಲ್ಲವೆನಿಸಿದ ಇಂಟರ್ನೆಟ್ ಜಾಹೀರಾತುಗಳಲ್ಲಿ 10 ಕೋಟಿ ಡಾಲರಿನಷ್ಟನ್ನು ಕಡಿತಗೊಳಿಸಿತು. ಮಾರಾಟದ ಮೇಲೆ ಅದರ ಪರಿಣಾಮ ಕಾಣಲಿಲ್ಲವೆಂದು ಕಂಪನಿಯೇ ತಿಳಿಸಿತು.

ಏಜೆಂಟರ ವಿಷಯದಲ್ಲಿ

‘ಎರಡು ಸಾವಿರ ರೂಪಾಯಿಗೆ ಹತ್ತು ಸಾವಿರ ಭೇಟಿ ಕೊಡಿಸುತ್ತೇವೆ’ ಎಂದು ಬರುವವರನ್ನು ಚೀಟಿಯಿಲ್ಲದ ಚೀಲದಲ್ಲಿ ಬೀಜ ಮಾರುವವರಂತೆಯೇ ಕಾಣಬೇಕು. ಅಷ್ಟು ಅಗ್ಗಕ್ಕೆ ಮನುಷ್ಯರು ಬರುವುದಿಲ್ಲ. ಪ್ರಾಮಾಣಿಕ ಏಜೆಂಟರ ಮೂಲಕ ಜಾಹೀರಾತು ಹಾಕಿಸುವಾಗಲೂ ಜಾಹೀರಾತು ಖಾತೆ ರೈತ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಏಜೆಂಟರಿಗೆ ಅದನ್ನು ನಿರ್ವಹಿಸುವ ಅನುಮತಿ ಮಾತ್ರ ಕೊಡಬೇಕು. ಖಾತೆ ಅವರದಾಗಿದ್ದರೆ ವರದಿಯೂ ಅವರದೇ. ಜಾಹೀರಾತು ಯಾವ ಆ್ಯಪಿನಲ್ಲಿ ಮೂಡಿತು ಎಂಬುದು ರೈತನಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಹಣ ಪಡೆದು ಮೋಸ ಮಾಡಿದವರ ಮೇಲೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ಕೊಡಬಹುದು.

ಹಣ ವಾಪಸ್ಸು ಪಡೆಯುವುದು

ಗೂಗಲ್ ತಾನೇ ಗುರುತಿಸಿದ ಜೊಳ್ಳು ಕ್ಲಿಕ್ಕುಗಳಿಗೆ ಹಣ ಹಿಡಿಯುವುದಿಲ್ಲ. ತಡವಾಗಿ ಗುರುತಿಸಿದವುಗಳ ಹಣವನ್ನು ಖಾತೆಗೆ ಜಮಾ ಮಾಡುತ್ತದೆ. ವರದಿಯ ಕೋಷ್ಟಕದಲ್ಲಿ ‘ಇನ್‌ವ್ಯಾಲಿಡ್ ಕ್ಲಿಕ್ಸ್’ ಎಂಬ ಅಂಕಣವನ್ನು ಸೇರಿಸಿಕೊಂಡರೆ ಅವುಗಳ ಸಂಖ್ಯೆ ಕಾಣುತ್ತದೆ. ಈ ಸಂಖ್ಯೆ ದೊಡ್ಡದಾಗಿ ಕಂಡರೆ ಗಾಬರಿಯಾಗಬೇಕಿಲ್ಲ, ಅವು ಈಗಾಗಲೇ ತೂರಿ ಹೊರಹಾಕಿದ ಜೊಳ್ಳು. ಅದರ ಕಣ್ಣು ತಪ್ಪಿಸಿ ಬಂದವುಗಳ ಬಗ್ಗೆ ಅರ್ಜಿ ಹಾಕಿ ತನಿಖೆ ಕೇಳಬಹುದು. ಅರ್ಜಿಗೆ ದಿನಾಂಕ, ಸಮಯ, ಐಪಿ ವಿಳಾಸಗಳು, ಅನುಮಾನಕ್ಕೆ ಕಾರಣ ಇವನ್ನು ಜೊತೆಗೂಡಿಸಬೇಕು. ಈ ವಿವರಗಳು ಜಾಲತಾಣವನ್ನು ಇಟ್ಟಿರುವ ಕಂಪ್ಯೂಟರಿನ ದಾಖಲೆಯಲ್ಲಿ ಸಿಗುತ್ತವೆ. ಕೆಲವು ಕಂಪನಿಗಳು ದಾಖಲೆಯನ್ನು ಬೇಗ ಅಳಿಸಿಬಿಡುವುದರಿಂದ ವಾರಕ್ಕೊಮ್ಮೆ ಇಳಿಸಿಟ್ಟುಕೊಳ್ಳಲು ತಾಣ ನೋಡಿಕೊಳ್ಳುವವರಿಗೆ ಮೊದಲೇ ಹೇಳಿರಬೇಕು.

ಕಳೆದ 60 ದಿನಗಳೊಳಗಿನ ಕ್ಲಿಕ್ಕುಗಳ ಬಗ್ಗೆ ಮಾತ್ರ ತನಿಖೆ ನಡೆಯುತ್ತದೆ. ಮಾವು ಮಾರುವವರು ಏಪ್ರಿಲ್ ಕೊನೆಯ ಕ್ಲಿಕ್ಕುಗಳ ದೂರನ್ನು ಹಂಗಾಮು ಮುಗಿದು, ಲೆಕ್ಕಪತ್ರ ನೋಡುವ ಜುಲೈ ತಿಂಗಳಿಗೆ ಇಟ್ಟುಕೊಂಡರೆ ಅವಧಿ ಮೀರಿರುತ್ತದೆ. ದೂರನ್ನು ಆಯಾ ತಿಂಗಳ ಕೊನೆಯಲ್ಲೇ ಸಲ್ಲಿಸಬೇಕು.